ಸಣ್ಣ ಸ್ಟೆಪ್ನಿ ಸಾಕು ಎನ್ನುವವರಿಗೆ

ಕಾರು ಕೊಳ್ಳಲು ಹೋದವರಿಗೆ ಈಗ ಎಲ್ಲ ಕಡೆ ಒಂದೇ ಸಮಾಧಾನ ಸಿಗುತ್ತದೆ. ಸ್ಟೆಪ್ನಿ ಚಿಕ್ಕದಿದ್ದರೆ ಏನೂ ತೊಂದರೆ ಇಲ್ಲ, ಟ್ಯೂಬ್‌ಲೆಸ್ ಟೈರ್ ಬಂದ ಮೇಲೆ ಪಂಕ್ಚರ್ ಆಗುವುದೇ ಅಪರೂಪ, ಆದರೂ ಗಾಳಿ ನಿಧಾನವಾಗಿ ಇಳಿಯುತ್ತದೆ, ಅಷ್ಟರಲ್ಲಿ ಅಂಗಡಿ ಸಿಕ್ಕೇ ಸಿಗುತ್ತದೆ, ಸಿಗದಿದ್ದರೆ ಒಂದು ಫೋನ್ ಮಾಡಿ, ಕಂಪನಿಯವರು ಬಂದು ನೋಡಿಕೊಳ್ಳುತ್ತಾರೆ. ಷೋರೂಮಿನವರು ಇದನ್ನು ಹೇಳುತ್ತಾರೆ, ಕಾರುಗಳ ವಿಮರ್ಶೆ ಮಾಡುವವರು ಹೇಳುತ್ತಾರೆ, ಬೆಂಗಳೂರಿನಲ್ಲಿರುವ ಅಳಿಯಂದಿರೂ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ರಸ್ತೆಯಲ್ಲಿ ರಾತ್ರಿ ಹಗಲು ಓಡಾಡುವ ಯಾರೂ ಒಪ್ಪಬಾರದು. ಇದು ಪಂಕ್ಚರ್ ಅಂಗಡಿಯ ಕೂಗಳತೆಯಲ್ಲಿ ಬದುಕುವವರು ಹಾಕಿದ ಲೆಕ್ಕ. ಆ ಲೆಕ್ಕದಲ್ಲಿ ನಮ್ಮ ದೂರಗಳು ಸೇರಿಲ್ಲ.

ಸಣ್ಣ ಸ್ಟೆಪ್ನಿ ಸಾಕು ಎಂಬ ಅಭಿಪ್ರಾಯಕ್ಕೆ ಕಾನೂನಿನ ಬಲವೂ ಸಿಕ್ಕಿದೆ. 2020ರ ಜುಲೈನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 1989ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಟ್ಯೂಬ್‌ಲೆಸ್ ಟೈರ್, ಪಂಕ್ಚರ್ ಕಿಟ್, ಟೈರಿನ ಒತ್ತಡ ತೋರಿಸುವ ಸಾಧನ ಈ ಮೂರೂ ಇರುವ ಪ್ರಯಾಣಿಕರ ಕಾರಿಗೆ ಸ್ಟೆಪ್ನಿಯೇ ಬೇಕಿಲ್ಲ ಎಂದಿತು. ಅದೇ ವರ್ಷ ಅಕ್ಟೋಬರ್‌ನಿಂದ ಅದು ಜಾರಿಗೆ ಬಂತು. ಸ್ಟೆಪ್ನಿ ತೆಗೆದರೆ ಜಾಗ ಉಳಿಯುತ್ತದೆ, ವಿದ್ಯುತ್ ಕಾರುಗಳಿಗೆ ದೊಡ್ಡ ಬ್ಯಾಟರಿ ಕೂರಿಸಬಹುದು ಎಂಬುದು ಆಗ ಕೊಟ್ಟ ಕಾರಣ. ಹೀಗಾಗಿ ಇಂದು ಕಾರಿನ ಡಿಕ್ಕಿಯಲ್ಲಿ ಮೂರು ಬಗೆ ಕಾಣುತ್ತೇವೆ: ಮಿಕ್ಕ ನಾಲ್ಕು ಚಕ್ರಗಳಷ್ಟೇ ದೊಡ್ಡದಾದ ಸ್ಟೆಪ್ನಿ, ಅದಕ್ಕಿಂತ ಚಿಕ್ಕ ತಾತ್ಕಾಲಿಕ ಸ್ಟೆಪ್ನಿ, ಇಲ್ಲವೇ ಬರೀ ಅಂಟಿನ ಬಾಟಲಿ ಮತ್ತು ಗಾಳಿಯಂತ್ರ. ಮೊದಲನೆಯದು ಕಡಿಮೆಯಾಗುತ್ತಾ ಬಂದಿದೆ. ಮೋಟಾರು ಯುಗದ ಆರಂಭದಲ್ಲಿ ಕಾರಿಗೆ ಸ್ಟೆಪ್ನಿಯೇ ಇರಲಿಲ್ಲ. ದಾರಿಯಲ್ಲೇ ಕೂತು ಟೈರು ಬಿಚ್ಚಿ ತೇಪೆ ಹಾಕುವ ಪಾಡು ನೋಡಲಾರದೆ 1904ರಲ್ಲಿ ವೇಲ್ಸ್‌ನ ಲಾನೆಲಿ ಪಟ್ಟಣದ ಡೇವಿಸ್ ಸಹೋದರರು ಹೆಚ್ಚುವರಿ ಚಕ್ರವನ್ನು ಮಾರಲು ಶುರು ಮಾಡಿದರು. ನೂರು ವರ್ಷ ಉಳಿದುಬಂದ ಆ ವ್ಯವಸ್ಥೆಯನ್ನು ಕೈಬಿಡುವಾಗ ಯಾರ ರಸ್ತೆಯನ್ನು ನೋಡಿ ಕೈಬಿಟ್ಟರು ಎಂದು ಕೇಳುವ ಹಕ್ಕು ನಮಗಿದೆ.

ನಮ್ಮ ರಸ್ತೆಯನ್ನು ನೋಡಿ ಅಲ್ಲ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ ದಾಟಿ ಪಾವಗಡಕ್ಕೆ ಸುಮಾರು ನೂರು ಕಿಲೋಮೀಟರ್. ಅದರಲ್ಲಿ ಮಧುಗಿರಿಯಿಂದ ಪಾವಗಡಕ್ಕೇ ಅರವತ್ತರ ಹತ್ತಿರ. ಮಳವಳ್ಳಿಯಿಂದ ಪಾವಗಡದವರೆಗಿನ ರಾಜ್ಯ ಹೆದ್ದಾರಿ 33 ಅಗಲವಾಗಿ, ನುಣುಪಾಗಿ ಆದ ಮೇಲೆ ಜನ ವೇಗವಾಗಿ ಹೋಗುತ್ತಾರೆ, ನಿಜ. ಆದರೆ ಮಿಡಿಗೇಶಿ ಬಿಟ್ಟ ಮೇಲೆ ರಾತ್ರಿ ಒಂಬತ್ತರ ನಂತರ ಬಾಗಿಲು ತೆರೆದಿರುವ ಪಂಕ್ಚರ್ ಅಂಗಡಿ ಹುಡುಕಿ ನೋಡಿ. ಪಾವಗಡ ತಾಲ್ಲೂಕಿನ ಇಡೀ ನೆಲ ತುಮಕೂರು ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡೇ ಇಲ್ಲ. ನಡುವೆ ಆಂಧ್ರದ ಮಡಕಶಿರಾ ಸೀಮೆ ಚಾಚಿಕೊಂಡಿದೆ. ನಮ್ಮದೇ ಜಿಲ್ಲಾ ಕೇಂದ್ರಕ್ಕೆ ನೇರ ದಾರಿಯಲ್ಲಿ ಹೋಗಲು ಪಾವಗಡದವರು ಇನ್ನೊಂದು ರಾಜ್ಯ ಹಾದು ಬರಬೇಕು. ಶಿರಾದ ಪೂರ್ವಕ್ಕೆ ಅಗಳಿ, ರೊಳ್ಳ ಕಡೆ ಹೊರಟರೂ ಅಷ್ಟೇ, ಸ್ವಲ್ಪ ಹೊತ್ತಿನಲ್ಲಿ ಅಂಗಡಿ ಬೋರ್ಡುಗಳು ತೆಲುಗಿಗೆ ತಿರುಗುತ್ತವೆ. ಶಿರಾದ ಪಶ್ಚಿಮಕ್ಕೆ ಬುಕ್ಕಾಪಟ್ಟಣದ ಚಿಂಕಾರ ಕಾಡಿನ ಬದಿಯ ರಸ್ತೆ, ಪಾವಗಡದ ಉತ್ತರಕ್ಕೆ ತಿರುಮಣಿ, ವಳ್ಳೂರು, ರಾಯಚೆರ್ಲು, ಬಳಸಮುದ್ರ, ಕ್ಯಾತಗಾನಚೆರ್ಲು ಊರುಗಳ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ ಹಬ್ಬಿದ ಸೋಲಾರ್ ಪಾರ್ಕಿನ ರಸ್ತೆ. 2,050 ಮೆಗಾವ್ಯಾಟ್ ಕರೆಂಟು ಹುಟ್ಟುವ ಆ ಬಯಲಿನಲ್ಲಿ ಕಣ್ಣು ಹಾಯಿಸಿದಷ್ಟು ದೂರ ತಂತಿಬೇಲಿ ಮತ್ತು ಫಲಕ. ರಾತ್ರಿ ಪಾಳಿ ಮುಗಿಸಿ ಬರುವವನ ಟೈರು ಅಲ್ಲಿ ಕೂತರೆ ಅವನ ಹತ್ತಿರ ಇರುವುದು ಡಿಕ್ಕಿಯಲ್ಲಿರುವುದಷ್ಟೇ.

ಟ್ಯೂಬ್‌ಲೆಸ್ ಟೈರಿಗೆ ಪಂಕ್ಚರ್ ಅಪರೂಪ ಎಂಬ ಮಾತೂ ಇಲ್ಲಿ ನಿಲ್ಲುವುದಿಲ್ಲ. ಮೊಳೆಯೊಂದು ಟೈರಿನ ಮಧ್ಯಕ್ಕೆ ನೆಟ್ಟಗೆ ಚುಚ್ಚಿದರೆ ಗಾಳಿ ನಿಧಾನವಾಗಿ ಇಳಿಯುತ್ತದೆ, ಸರಿ. ನಮ್ಮ ಕಡೆ ಟೈರು ಹಾಳಾಗುವುದು ಹೆಚ್ಚಾಗಿ ಪಕ್ಕದ ಗೋಡೆಯಲ್ಲಿ. ಸುಗ್ಗಿ ಬಂತೆಂದರೆ ಹುರುಳಿ, ರಾಗಿ, ಅವರೆಯನ್ನು ಡಾಂಬರಿನ ಮೇಲೆ ಹರಡಿ ವಾಹನಗಳ ಚಕ್ರಕ್ಕೆ ಒಕ್ಕಣೆ ಮಾಡಿಸುತ್ತಾರೆ. ಕಣವಿಲ್ಲದ ರೈತನ ಕಷ್ಟ ನನಗೆ ಗೊತ್ತು, ಅದರ ತಕರಾರು ಇಲ್ಲಿ ಬೇಡ. ಆದರೆ ತೆನೆಯ ಅಂಚಿಗೆ ವಾಹನ ಹತ್ತದಂತೆ ಇಟ್ಟ ಕಲ್ಲುಗುಂಡುಗಳು ಒಕ್ಕಣೆ ಮುಗಿದ ಮೇಲೆ ಅಲ್ಲೇ ಉಳಿಯುತ್ತವೆ. ರಾತ್ರಿ ಎದುರಿಂದ ಲಾರಿ ದೀಪ ಕಣ್ಣಿಗೆ ಹೊಡೆದಾಗ ಎಡಕ್ಕೆ ಸರಿದರೆ ಆ ಕಲ್ಲಿನ ಮೂಲೆ ಟೈರಿನ ಪಕ್ಕೆಯನ್ನು ಸೀಳುತ್ತದೆ. ಕ್ರಷರ್‌ಗಳಿಂದ ಬರುವ ಟಿಪ್ಪರು ಉದುರಿಸಿದ ಜಲ್ಲಿ, ಹೊಲದ ದಾರಿಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು, ಮೋರಿಯ ಬಳಿ ಕಿತ್ತುಹೋದ ಡಾಂಬರಿನ ಅಂಚು. ಇವುಗಳಲ್ಲಿ ಮುಳ್ಳಿಗೆ ತೇಪೆ ಉಂಟು. ಪಕ್ಕೆ ಸೀಳಿದ ಟೈರಿಗೆ ಯಾವ ತೇಪೆಯೂ ಇಲ್ಲ, ಹೊಸ ಟೈರೇ ಹಾಕಬೇಕು. ಅಂಟಿನ ಬಾಟಲಿಯ ಮೇಲೆಯೇ ಬರೆದಿರುತ್ತದೆ, ಟೈರಿನ ನೆಲ ಮುಟ್ಟುವ ಭಾಗದ ಸಣ್ಣ ತೂತಿಗೆ ಮಾತ್ರ ಇದು ನಡೆಯುತ್ತದೆ ಎಂದು. ಆರು ಮಿಲಿಮೀಟರ್‌ಗಿಂತ ದೊಡ್ಡ ತೂತಾದರೂ ಅದು ಸೋಲುತ್ತದೆ. ಅಂಟಿಗೆ ವಾಯಿದೆಯೂ ಇದೆ; ಕೆಲವು ವರ್ಷ ಕಳೆದರೆ ಬಾಟಲಿ ಬದಲಿಸಬೇಕು. ಎಷ್ಟು ಮಂದಿ ಅದರ ದಿನಾಂಕ ನೋಡಿದ್ದಾರೆ?

ಈಗ ಸಣ್ಣ ಸ್ಟೆಪ್ನಿಗೆ ಬರೋಣ, ಏಕೆಂದರೆ ಹೆಚ್ಚು ಜನ ನೆಚ್ಚಿಕೊಂಡಿರುವುದು ಅದನ್ನೇ. ಇದರಲ್ಲಿ ಎರಡು ಜಾತಿ. ಒಂದು, ಕಾರಿನ ಅಲಾಯ್ ಚಕ್ರಕ್ಕಿಂತ ಒಂದೆರಡು ಇಂಚು ಚಿಕ್ಕ ರಿಮ್ಮಿಗೆ ಮಾಮೂಲಿ ಟೈರು ಹಾಕಿದ್ದು. ಇನ್ನೊಂದು, ನಿಜವಾಗಿಯೂ ತೆಳ್ಳಗಿನದು, ಪಕ್ಕೆಯ ಮೇಲೆ ಅಳತೆಯ ಮುಂದೆ ‘ಟಿ’ ಅಕ್ಷರ ಇರುವಂಥದ್ದು. ಕಾರಿನ ಟೈರು ಅಡ್ಡಗಲ 195 ರಿಂದ 215 ಮಿಲಿಮೀಟರ್ ಇದ್ದರೆ ಇದು 115 ರಿಂದ 135. ಇದಕ್ಕೆ ತುಂಬಬೇಕಾದ ಗಾಳಿ 60 ಪಿಎಸ್‌ಐ, ಅಂದರೆ ಮಿಕ್ಕ ಚಕ್ರಗಳ ಹತ್ತಿರಹತ್ತಿರ ಎರಡು ಪಟ್ಟು. ಇದರ ಮೇಲೆ 80 ಕಿಲೋಮೀಟರ್ ವೇಗ ದಾಟಬಾರದು. ದೂರವನ್ನೂ ಆದಷ್ಟು ಕಡಿಮೆ ಇಟ್ಟುಕೊಳ್ಳಿ, ಎಂಬತ್ತು ಕಿಲೋಮೀಟರ್ ಸುಮಾರಿಗೆ ಮುಗಿಸಿಕೊಳ್ಳಿ ಎಂಬುದು ಸಾಮಾನ್ಯ ಸಲಹೆ. ಮೈಯ ಮೇಲಿನ ರಬ್ಬರು ತೆಳು, ನೆಲ ಹಿಡಿಯುವ ಅಗಲ ಕಡಿಮೆ. ಮಳೆಯಲ್ಲಿ ಬ್ರೇಕು ಹಾಕಿದರೆ ನಿಲ್ಲುವ ದೂರ ಹೆಚ್ಚುತ್ತದೆ, ತಿರುವಿನಲ್ಲಿ ಕಾರು ಒಂದು ಕಡೆ ಎಳೆಯುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಮುಂದಿನ ಟೈರೇ ಹೋದರೆ, ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತಂದು ಸಣ್ಣದನ್ನು ಹಿಂದಕ್ಕೆ ಹಾಕಿ ಎಂದು ಎಷ್ಟೋ ಕೈಪಿಡಿಗಳು ಹೇಳುತ್ತವೆ. ಎಂದರೆ ಕತ್ತಲಲ್ಲಿ, ಲಾರಿಗಳು ಹಾಯುವ ಅಂಚಿನಲ್ಲಿ, ಜಾಕು ಎರಡು ಸಲ ಎತ್ತಬೇಕು. ದೊಡ್ಡ ಸ್ಟೆಪ್ನಿ ಇದ್ದಿದ್ದರೆ ಒಂದೇ ಸಲ.

ಇದೆಲ್ಲ ಪುಸ್ತಕದಲ್ಲಿದೆ, ಓದಿಕೊಂಡರಾಯಿತು ಎನ್ನಬಹುದು. ಓದಿಕೊಂಡರೂ ಏನಾಗುತ್ತದೆ ಎಂದು ಹೇಳುತ್ತೇನೆ. ಶನಿವಾರ ಪಾವಗಡದ ಶನಿಮಹಾತ್ಮ ದೇವಸ್ಥಾನಕ್ಕೆ ಬೆಂಗಳೂರು ಕಡೆಯಿಂದ ಕಾರುಗಳು ಸಾಲುಗಟ್ಟಿ ಬರುತ್ತವೆ. ಅಂಥ ಒಂದು ಶನಿವಾರ ರಾತ್ರಿ ಮಿಡಿಗೇಶಿಗೆ ಇನ್ನೂ ಸ್ವಲ್ಪ ದೂರ ಇರುವಾಗ ರಸ್ತೆ ಪಕ್ಕ ಒಂದು ಕಾರು ನಾಲ್ಕೂ ದೀಪ ಮಿನುಗಿಸುತ್ತಾ ನಿಂತಿತ್ತು. ಒಳಗೆ ವಯಸ್ಸಾದ ದಂಪತಿ, ಮಗ, ಸೊಸೆ, ನಿದ್ದೆ ಹೋದ ಮಗು. ಎಡಗಡೆ ಹಿಂದಿನ ಟೈರಿನ ಪಕ್ಕೆ ಹೆಬ್ಬೆರಳು ತೂರುವಷ್ಟು ಸೀಳಿತ್ತು. ಮಗನಿಗೆ ಕೆಲಸ ಗೊತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ತ್ರಿಕೋನವನ್ನು ದೂರ ನಿಲ್ಲಿಸಿ, ಕಾರು ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಲು ಕೂತಿದ್ದ. ನಟ್ಟು ಅಲ್ಲಾಡಲಿಲ್ಲ. ಸರ್ವಿಸ್ ಮಾಡಿದವರು ಗಾಳಿ ಗನ್ನಿನಿಂದ ಬಿಗಿದಿದ್ದರು. ಕಾರಿನ ಜೊತೆ ಬರುವ ಗೇಣುದ್ದದ ಸ್ಪ್ಯಾನರಿನಿಂದ ಅದನ್ನು ಬಿಚ್ಚಲು ಸ್ಪ್ಯಾನರಿನ ತುದಿ ಮೇಲೆ ಹತ್ತಿ ನಿಲ್ಲಬೇಕಾಯಿತು. ಆಮೇಲೆ ಸಣ್ಣ ಸ್ಟೆಪ್ನಿ ಹೊರಗೆ ಬಂತು. ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಗುತ್ತಿತ್ತು.

60 ಪಿಎಸ್‌ಐ ಬೇಕಾದ ಚಕ್ರದಲ್ಲಿ ಎಷ್ಟಿತ್ತೋ, ಇಪ್ಪತ್ತೂ ಇರಲಾರದು. ಕಾರು ಕೊಂಡಂದಿನಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಎಲ್ಲ ಮನೆಗಳಲ್ಲೂ ಹೀಗೇ. ಬಂಕಿನಲ್ಲಿ ಗಾಳಿ ಹಿಡಿಯುವ ಹುಡುಗ ನಾಲ್ಕು ಚಕ್ರಕ್ಕೆ 32 ಹಿಡಿದು ಕೈ ಝಾಡಿಸುತ್ತಾನೆ. ಸ್ಟೆಪ್ನಿಗೂ ಹಿಡಿ ಎಂದು ಕೇಳಿಕೊಂಡರೆ, ಡಿಕ್ಕಿಯ ಸಾಮಾನು ಇಳಿಸಿ ಹಾಸು ಎತ್ತಿ ಕೊಟ್ಟರೆ, ಅದಕ್ಕೂ 32 ಹಿಡಿಯುತ್ತಾನೆ. ಅರವತ್ತು ಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಪಕ್ಕೆಯ ಮೇಲೆ ಇಂಗ್ಲಿಷಿನಲ್ಲಿ ಕಪ್ಪಿನ ಮೇಲೆ ಕಪ್ಪಾಗಿ ಅಚ್ಚಾದ ಅಂಕಿಯನ್ನು ಅವನು ಏಕೆ ಹುಡುಕಿ ಓದಬೇಕು? ಅರ್ಧ ಗಾಳಿಯ ತೆಳು ಚಕ್ರದ ಮೇಲೆ ಐದು ಜನ ಮತ್ತು ಸಾಮಾನಿನ ಭಾರ ಬಿದ್ದರೆ ಪಕ್ಕೆ ಮಡಚಿ ಮಡಚಿ ಕಾಯುತ್ತದೆ. ಪಾವಗಡದ ಏಪ್ರಿಲ್ ಬಿಸಿಲಿಗೆ ಡಾಂಬರೇ ಸುಡುವಾಗ ಅದು ಎಷ್ಟು ಹೊತ್ತು ತಡೆದೀತು? ಆ ರಾತ್ರಿ ಲಗೇಜ್ ಆಟೋದವನೊಬ್ಬ ನಿಲ್ಲಿಸಿ ಕಾಲುಪಂಪು ಕೊಟ್ಟ. ಮೂವರು ಸರದಿಯಲ್ಲಿ ತುಳಿದರೂ ಮುಳ್ಳು ಅರವತ್ತು ಮುಟ್ಟಲಿಲ್ಲ.

ಇನ್ನೊಂದು ತೊಡಕು ಆಮೇಲೆ ಕಾಣಿಸಿತು. ಬಿಚ್ಚಿದ ದೊಡ್ಡ ಚಕ್ರ ಸಣ್ಣ ಸ್ಟೆಪ್ನಿಯ ಗುಂಡಿಯಲ್ಲಿ ಕೂರುವುದಿಲ್ಲ. ಹದಿನೇಳು ಇಂಚಿನ ಅಲಾಯ್, ಮಣ್ಣು ಮೆತ್ತಿದ ಟೈರು, ಡಿಕ್ಕಿ ತುಂಬ ಬ್ಯಾಗು. ಕೊನೆಗೆ ಬ್ಯಾಗುಗಳು ಹಿಂದಿನ ಸೀಟಿಗೆ ಬಂದು ಮುದುಕಿಯ ತೊಡೆಯ ಮೇಲೆ ಕೂತವು. ಜಾಗ ಉಳಿಯುತ್ತದೆ ಎಂದು ತಾನೇ ಸ್ಟೆಪ್ನಿ ಚಿಕ್ಕದು ಮಾಡಿದ್ದು? ಆ ಜಾಗ ಷೋರೂಮಿನ ಕರಪತ್ರದಲ್ಲಿ ಲೀಟರ್ ಲೆಕ್ಕದಲ್ಲಿ ಇರುತ್ತದೆ, ಟೈರು ಕೂತ ರಾತ್ರಿ ಇರುವುದಿಲ್ಲ.

ಅವರು ಹೋಗಬೇಕಾದದ್ದು ಬೆಂಗಳೂರಿಗೆ. ಮಧುಗಿರಿಯಿಂದಲೇ ನೂರು ಕಿಲೋಮೀಟರ್ ಮೇಲಾಗುತ್ತದೆ. ಸಣ್ಣ ಸ್ಟೆಪ್ನಿಯ ಎಂಬತ್ತು ಕಿಲೋಮೀಟರ್ ಲೆಕ್ಕ ಇರುವುದು ಹತ್ತಿರದ ಅಂಗಡಿಗೆ ಹೋಗಲು; ಅದರ ಹಿಂದಿರುವ ಊಹೆ, ಹತ್ತಿರದ ಅಂಗಡಿಯಲ್ಲಿ ರಿಪೇರಿ ಮುಗಿಯುತ್ತದೆ ಎಂಬುದು. ಪಕ್ಕೆ ಸೀಳಿದ ಟೈರಿಗೆ ಹತ್ತಿರದ ಅಂಗಡಿ ಎಂದರೆ ಆ ಅಳತೆಯ ಹೊಸ ಟೈರು ಇಟ್ಟಿರುವ ಅಂಗಡಿ. ಕೊರಟಗೆರೆ, ಮಧುಗಿರಿ, ಪಾವಗಡದ ಅಂಗಡಿಗಳಲ್ಲಿ ಟ್ರಾಕ್ಟರ್ ಟೈರು, ಲಗೇಜ್ ಆಟೋ ಟೈರು, ಹಳೆಯ ಸಣ್ಣ ಕಾರುಗಳ ಟೈರು ಸಿಗುತ್ತವೆ, ಏಕೆಂದರೆ ಇಲ್ಲಿ ಓಡುವುದು ಅವು. ದೊಡ್ಡ ಅಲಾಯ್‌ಗೆ ಬೇಕಾದ ಟೈರನ್ನು ತುಮಕೂರಿನಿಂದ ತರಿಸಬೇಕು, ಭಾನುವಾರವಾದರೆ ಸೋಮವಾರದವರೆಗೆ ಕಾಯಬೇಕು. ಅಂಗಡಿಯವರ ತಪ್ಪು ಇದರಲ್ಲಿ ಏನೂ ಇಲ್ಲ. ವರ್ಷಕ್ಕೆ ಒಂದೆರಡು ಬಿಕರಿಯಾಗುವ ಟೈರಿಗೆ ಸಾವಿರಾರು ರೂಪಾಯಿ ಹೂಡಿ ಅವರು ಕೂರಲಾರರು.

ಹಾಗಾಗಿ ಜನ ಏನು ಮಾಡುತ್ತಾರೆ? ಸಣ್ಣ ಸ್ಟೆಪ್ನಿಯಲ್ಲೇ ಊರು ಸೇರುತ್ತಾರೆ. ಶಿರಾ ಹತ್ತಿರ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹತ್ತಿದರೆ ಸುತ್ತ ನೂರರ ವೇಗ, ಕರಜೀವನಹಳ್ಳಿ ಟೋಲ್ ದಾಟಿದ ಮೇಲೆ ಹಿಂದಿನಿಂದ ಬಸ್ಸುಗಳ ಹಾರ್ನು. ಎಂಬತ್ತು ಮೀರಬಾರದವನು ಎಡಗಡೆ ಲಾರಿಗಳ ಜೊತೆ ಹೋಗಬೇಕು, ಇಲ್ಲವೇ ಮಿತಿ ಮೀರಬೇಕು. ಹೆಚ್ಚಿನವರು ಮೀರುತ್ತಾರೆ. ಊರು ಸೇರಿದ ಮೇಲೂ ಬದಲಿಸುವುದಿಲ್ಲ, ‘ನಡೀತಾ ಇದೆಯಲ್ಲ’ ಎಂದು ವಾರಗಟ್ಟಲೆ ಓಡಿಸುತ್ತಾರೆ. ಇದು ತಪ್ಪು, ಅಪಾಯ, ಮಾಡಬಾರದು. ಆದರೆ ಪೂರ್ತಿ ತಪ್ಪನ್ನು ಚಾಲಕನ ತಲೆಗೆ ಕಟ್ಟುವವರ ಜೊತೆ ನಾನಿಲ್ಲ. ಎಂಬತ್ತು ಕಿಲೋಮೀಟರಿನಲ್ಲಿ ಪರಿಹಾರ ಸಿಗದ ಊರಿನಲ್ಲಿ ಎಂಬತ್ತು ಕಿಲೋಮೀಟರಿನ ಚಕ್ರ ಕೊಟ್ಟವರು ಆ ತಪ್ಪಿನಲ್ಲಿ ಪಾಲುದಾರರು. ಪಾಲಿಸಲು ಆಗದ ಮಿತಿಯನ್ನು ಟೈರಿನ ಮೇಲೆ ಅಚ್ಚು ಹಾಕಿಬಿಟ್ಟರೆ ಹೊಣೆ ಮುಗಿಯುವುದಿಲ್ಲ.

ಫೋನ್ ಮಾಡಿ, ಸಹಾಯ ಬರುತ್ತದೆ ಎಂಬುದು ಸಣ್ಣ ಸ್ಟೆಪ್ನಿ ಸಾಕು ಎನ್ನುವವರ ಕೊನೆಯ ಅಸ್ತ್ರ. ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತವನಿಗೆ 1033 ಸಹಾಯವಾಣಿ ಇದೆ, ಅದು ಒಳ್ಳೆಯ ವ್ಯವಸ್ಥೆ, ಶಿರಾದ ಬಳಿ ನಿಂತವರು ಅದನ್ನು ಖಂಡಿತ ಬಳಸಬೇಕು. ಆದರೆ ರಾಜ್ಯ ಹೆದ್ದಾರಿ 33ಕ್ಕೆ ಅದು ಅನ್ವಯಿಸದು. ತೋವಿನಕೆರೆ ಕಡೆಯ, ಸಿದ್ದರಬೆಟ್ಟದ ತಪ್ಪಲಿನ, ವೈ.ಎನ್. ಹೊಸಕೋಟೆ ಕಡೆಯ ರಸ್ತೆಗಳಿಗೂ ಅನ್ವಯಿಸದು. ಕಾರು ಕಂಪನಿಗಳ ಸಹಾಯವಾಣಿಗೆ ಫೋನ್ ಮಾಡಿದ ಅನುಭವ ನನಗಿದೆ. ಎತ್ತಿಕೊಂಡ ಹೆಣ್ಣುಮಗಳು ವಿನಯದಿಂದಲೇ ಮಾತಾಡಿದಳು. ನಾನು ನಿಂತಿದ್ದ ಜಾಗ ಆಂಧ್ರಕ್ಕೆ ಸೇರಿದ್ದು ಎಂದು ಅವಳ ಪರದೆ ತೋರಿಸಿತು, ನಾನು ಮಧುಗಿರಿಯವನು, ಮಧುಗಿರಿಗೇ ಹೋಗಬೇಕು ಎಂದೆ, ಗಾಡಿ ಕಳಿಸುವುದು ಯಾವ ಕಡೆಯಿಂದ ಎಂದು ತೀರ್ಮಾನವಾಗುವ ಹೊತ್ತಿಗೆ ನಾನೇ ಸ್ಟೆಪ್ನಿ ಹಾಕಿ ಮುಗಿಸಿದ್ದೆ. ನನ್ನದು ಹಳೆಯ ಕಾರು, ಅದರಲ್ಲಿ ಪೂರ್ತಿ ಅಳತೆಯ ಸ್ಟೆಪ್ನಿ ಇತ್ತು. ಇಲ್ಲದವನು ಕಾಯುತ್ತಾನೆ. ಕಾಯುವವನ ಜೊತೆ ಬಸುರಿ ಹೆಂಗಸು ಇರಬಹುದು, ತುಮಕೂರು ಜಿಲ್ಲಾಸ್ಪತ್ರೆಗೆ ಹೊರಟ ರೋಗಿ ಇರಬಹುದು. ಪಾವಗಡದಿಂದ ಬಾಡಿಗೆ ಕಾರಿನಲ್ಲಿ ಹೊರಡುವ ಎಷ್ಟೋ ಪ್ರಯಾಣಗಳು ಆಸ್ಪತ್ರೆಯ ಪ್ರಯಾಣಗಳು ಎಂಬುದನ್ನು ಈ ನಿಯಮ ಮಾಡಿದವರು ಒಮ್ಮೆಯಾದರೂ ಯೋಚಿಸಬೇಕಿತ್ತು.

ತೂಕ ಇಳಿದರೆ ಇಂಧನ ಉಳಿಯುತ್ತದೆ ಎಂಬ ವಾದಕ್ಕೆ ಹೆಚ್ಚು ಹೊತ್ತು ಬೇಡ. ಪೂರ್ತಿ ಚಕ್ರಕ್ಕೂ ಸಣ್ಣದಕ್ಕೂ ಇರುವ ವ್ಯತ್ಯಾಸ ಕೆಲವೇ ಕಿಲೋ. ಕಾರಿನ ತೂಕ ಸಾವಿರ ಕಿಲೋ ಮೇಲೆ. ಅದೇ ಕಾರಿಗೆ ಗಾಜಿನ ದೊಡ್ಡ ಛಾವಣಿ ಹಾಕುವಾಗ ಆ ಕೆಲವು ಕಿಲೋ ಯಾರಿಗೂ ನೆನಪಾಗುವುದಿಲ್ಲ. ಉಳಿಯುವುದು ಕಂಪನಿಯ ಖರ್ಚು. ಅದನ್ನು ಖರ್ಚು ಎಂದೇ ಹೇಳಿದರೆ ಚರ್ಚಿಸಬಹುದು. ಪರಿಸರದ ಹೆಸರು ಹೇಳಬಾರದು.

ಬ್ಯಾಟರಿ ಕಾರು, ಸಿಎನ್‌ಜಿ ಕಾರುಗಳಲ್ಲಿ ನಿಜವಾಗಿಯೂ ಜಾಗದ ಸಮಸ್ಯೆ ಇದೆ, ಅದನ್ನು ಒಪ್ಪುತ್ತೇನೆ. ಅಂಥ ಕಾರುಗಳಲ್ಲೂ ಚಕ್ರವನ್ನು ಹೊಟ್ಟೆಯ ಕೆಳಗೆ ನೇತುಹಾಕುವ ದಾರಿ ಉಂಟು, ಹಳೆಯ ವ್ಯಾನುಗಳಲ್ಲಿ ನೋಡಿದ್ದೇವೆ. ಅದೂ ಆಗದಿದ್ದಲ್ಲಿ, ಕೊಳ್ಳುವವನಿಗೆ ಮೊದಲೇ ಬಾಯಿಬಿಟ್ಟು ಹೇಳಬೇಕು. ಮಧುಗಿರಿಯ ಆರ್‌ಟಿಒದಲ್ಲಿ ನೋಂದಣಿಯಾಗಿ ಕೆಎ-64 ನಂಬರು ಹೊತ್ತು ಬರುವ ಕಾರುಗಳ ಮಾಲೀಕರನ್ನು ಕೇಳಿ ನೋಡಿ, ತಮ್ಮ ಡಿಕ್ಕಿಯ ಹಾಸಿನ ಕೆಳಗೆ ಏನಿದೆ ಎಂದು ಮೊದಲ ಪಂಕ್ಚರಿನ ದಿನ ತಿಳಿದವರು ಎಷ್ಟೋ ಮಂದಿ.

ನಾನು ಕೇಳುವುದು ಇವು. 2020ರ ವಿನಾಯಿತಿಯನ್ನು ಸಚಿವಾಲಯ ಮರಳಿ ನೋಡಬೇಕು. ಕೊಳ್ಳುವವನು ಕೇಳಿದರೆ ಪೂರ್ತಿ ಅಳತೆಯ ಸ್ಟೆಪ್ನಿ, ಉಕ್ಕಿನ ರಿಮ್ಮಿನದಾದರೂ ಸರಿ, ಕೊಡಲೇಬೇಕೆಂಬ ನಿಯಮ ಬರಬೇಕು, ಮತ್ತು ಅದು ಕೂರುವಷ್ಟು ಗುಂಡಿಯನ್ನು ಕಾರಿನ ನಕ್ಷೆಯಲ್ಲೇ ಬಿಡಬೇಕು. ಸ್ಟೆಪ್ನಿಯ ಬಗೆ ಯಾವುದು ಎಂಬುದು ಬೆಲೆಪಟ್ಟಿಯಲ್ಲಿ ಬಣ್ಣದ ಹೆಸರಿನಷ್ಟೇ ದೊಡ್ಡದಾಗಿ ಇರಬೇಕು. ತೆಳ್ಳಗಿನ ಸ್ಟೆಪ್ನಿ ಕೊಡುವ ಕಾರಿನಲ್ಲಿ ಆ ಗುಂಡಿಯ ಮುಚ್ಚಳದ ಮೇಲೆ ಕನ್ನಡದಲ್ಲಿ ಅಂಟಿಸಬೇಕು: ಗಾಳಿ 60, ವೇಗ 80. ನಮ್ಮ ಶಾಸಕರು, ಸಂಸದರು ರಸ್ತೆ ಅಗಲವಾದದ್ದನ್ನು ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಲಿ. ಆ ಅಗಲ ರಸ್ತೆಯ ಮೇಲೆ ರಾತ್ರಿ ತೆರೆದಿರುವ, ಗಾಳಿ ಮತ್ತು ಬೆಳಕು ಇರುವ ಒಂದು ತಂಗುದಾಣ ಮಿಡಿಗೇಶಿಗೂ ಪಾವಗಡಕ್ಕೂ ನಡುವೆ ಬೇಕೆಂದು ಕೇಳುವ ಕೆಲಸವೂ ಅವರದೇ.

ಇವೆಲ್ಲ ಆಗುವವರೆಗೆ ಸಣ್ಣ ಸ್ಟೆಪ್ನಿ ಇರುವವರು ತಿಂಗಳಿಗೊಮ್ಮೆ ಅದರ ಗಾಳಿ ನೋಡಿಸಿ, ತೆಳ್ಳಗಿನದಾದರೆ ಅರವತ್ತು ಎಂದು ನೀವೇ ನಿಂತು ಹೇಳಿ. ಟೈರಿನ ಪಕ್ಕೆಯ ನಾಲ್ಕಂಕಿಯಲ್ಲಿ ಕೊನೆಯ ಎರಡು ತಯಾರಾದ ವರ್ಷ, ಮೊದಲ ಎರಡು ವಾರ. ಓಡದೆ ಮಲಗಿದ ರಬ್ಬರೂ ಮುದಿಯಾಗುತ್ತದೆ, ಹತ್ತು ವರ್ಷ ದಾಟಿದ್ದನ್ನು ನಂಬಬೇಡಿ. ಒಂದು ಮೊಳದ ಕಬ್ಬಿಣದ ಪೈಪು, ತಲೆಗೆ ಕಟ್ಟುವ ಟಾರ್ಚು, ಸಿಗರೇಟ್ ಸಾಕೆಟ್ಟಿಗೆ ಚುಚ್ಚುವ ಗಾಳಿಯಂತ್ರ ಡಿಕ್ಕಿಯಲ್ಲಿರಲಿ. ಪಾವಗಡದ ದಾರಿ ಹಿಡಿಯುವಾಗ ಸಾಧ್ಯವಿದ್ದರೆ ಗುಜರಿಯಲ್ಲಿ ಅದೇ ನಟ್ಟಿನ ಅಳತೆಯ, ಬ್ರೇಕಿಗೆ ತಾಗದ ಉಕ್ಕಿನ ರಿಮ್ಮು ಹುಡುಕಿ, ಸರಿಯಾದ ಅಳತೆಯ ಟೈರು ಹಾಕಿಸಿ, ಪಟ್ಟಿ ಕಟ್ಟಿ ಜೊತೆಗೆ ಒಯ್ಯಿರಿ. ಹೊಸ ಕಾರಿಗೆ ಮುಂಗಡ ಕೊಡುವ ಮೊದಲು ಡಿಕ್ಕಿ ತೆರೆಸಿ, ಹಾಸು ಎತ್ತಿಸಿ, ಪೂರ್ತಿ ಚಕ್ರ ಕೊಡುತ್ತೀರಾ ಎಂದು ಕೇಳಿ. ಇಲ್ಲ ಎಂದರೆ ಆ ಉತ್ತರವನ್ನು ಬರೆದುಕೊಡಿ ಎನ್ನಿ.